ಆಷಾಢದಲ್ಲಿ ತೆಗೆದ ವಿಡಿಯೋ

ತೊಂಬತ್ತರ ದಶಕದ ಮೈಸೂರಿನಲ್ಲಿ ಸಾಕ್ಷ್ಯಚಿತ್ರ ನೋಡಬೇಕಾದರೆ ವಿಡಿಯೋ ಲೈಬ್ರರಿಯಿಂದ ವಿಸಿಪಿ ಬಾಡಿಗೆಗೆ ತರಬೇಕಿತ್ತು. ಅಯೋಧ್ಯೆ ವಿವಾದದ ಕುರಿತ ಆನಂದ್ ಪಟವರ್ಧನ್ ಅವರ ‘ರಾಮ್ ಕೆ ನಾಮ್’ ನಾವು ನೋಡಿದ್ದು ಸರಸ್ವತಿಪುರಂನ ಮನೆಯೊಂದರ ಹಜಾರದಲ್ಲಿ, ಚಾಪೆ ಹಾಸಿಕೊಂಡು. ಪ್ರತಿಯಿಂದ ಪ್ರತಿ ಮಾಡಿದ ಕ್ಯಾಸೆಟ್ಟು; ಮುಖಗಳೆಲ್ಲ ಕದಡಿದ್ದವು. ಹಿಂದಿ ಬಾರದವರಿಗೆ ಪಕ್ಕದವರು ಅರ್ಥ ಹೇಳುತ್ತಿದ್ದರು. 1992ರ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಿತ್ತು, ಆದರೂ ದೂರದರ್ಶನ ಅದನ್ನು ತೋರಿಸಿದ್ದು ಕೋರ್ಟು ಹೇಳಿದ ಮೇಲೆ. ಚಿತ್ರ ಮುಗಿದರೂ ಯಾರೂ ಏಳಲಿಲ್ಲ. ವಾದ ಜಗಳಕ್ಕೆ ತಿರುಗಿ, ಮನೆಯವರು ಎರಡನೇ ಸಲ ಕಾಫಿಗಿಟ್ಟರು.

ನೋಡನೋಡುತ್ತ ತೆಗೆಯುವ ಆಸೆಯೂ ಹುಟ್ಟಿತು. ಕ್ಯಾಮೆರಾ ಇದ್ದದ್ದು ಮದುವೆ ವಿಡಿಯೋದವರ ಹತ್ತಿರ. ಆಷಾಢದಲ್ಲಿ ಲಗ್ನಗಳಿರುವುದಿಲ್ಲವಲ್ಲ, ಆಗ ಅವರಲ್ಲೊಬ್ಬರು ವಿಎಚ್‌ಎಸ್ ಕ್ಯಾಮೆರಾ ಹೆಗಲಿಗೇರಿಸಿಕೊಂಡು ನಮ್ಮ ಜತೆ ಬರುತ್ತಿದ್ದರು. ಮುಚ್ಚುವ ಹಂತಕ್ಕೆ ಬಂದಿದ್ದ ಕಾರ್ಖಾನೆಯೊಂದರ ಗೇಟ್ ಮೀಟಿಂಗ್ ತೆಗೆದೆವು. ಮದುವೆಯಲ್ಲಿ ನೆಂಟರ ಪೈಕಿ ಒಬ್ಬರೂ ಬಿಟ್ಟುಹೋಗಬಾರದು; ಆ ರೂಢಿಯಲ್ಲೇ ಅವರು ಸಾಲಾಗಿ ನಿಂತವರ ಒಂದೊಂದು ಮುಖದ ಮುಂದೆಯೂ ನಿಂತು ಮುಂದೆ ಹೋದರು. ಭಾಷಣಕಾರರಿಗಿಂತ ಕೇಳುತ್ತಿದ್ದವರೇ ಹೆಚ್ಚು ದಾಖಲಾದರು. ಗೇಟ್ ಮೀಟಿಂಗನ್ನು ಅದಕ್ಕಿಂತ ಚೆನ್ನಾಗಿ ತೆಗೆದದ್ದನ್ನು ನಾನು ಇನ್ನೂ ನೋಡಿಲ್ಲ.

ಶ್ರಾವಣ ಬಂತು, ಮುಹೂರ್ತಗಳು ಬಂದವು. ಹೊಸ ಟೇಪಿಗೆ ನಮ್ಮಲ್ಲಿ ದುಡ್ಡಿರಲಿಲ್ಲ. ಗೇಟ್ ಮೀಟಿಂಗ್ ಮೇಲೆ ಧಾರೆ, ಆರತಕ್ಷತೆ ರೆಕಾರ್ಡ್ ಆದವು. ಉಳಿದದ್ದು ಒಂದು ತುಣುಕು: ವಧೂವರರು ಕಾರು ಹತ್ತಿದ ಮೇಲೆ ಪರದೆ ಕಪ್ಪಾಗಿ, ಕಾರ್ಖಾನೆಯ ಗೇಟು ಕಾಣಿಸುತ್ತದೆ. ಖಾಕಿ ಅಂಗಿಯವರೊಬ್ಬರು ಪಿ.ಎಫ್. ಚೀಟಿ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದಾರೆ. ಮೊತ್ತ ಹೇಳುವಷ್ಟರಲ್ಲಿ ಟೇಪು ಮುಗಿಯುತ್ತದೆ.

ಯಾದವಗಿರಿಯ ಐಡಿಯಲ್ ಜಾವಾ ಬೈಕು ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಜಾವಾ, ಯೆಜ್ಡಿಗಳ ವಿಡಿಯೋ ಇವತ್ತು ಯೂಟ್ಯೂಬಿನಲ್ಲಿ ಬೇಕಾದಷ್ಟಿವೆ. ಸೈಲೆನ್ಸರಿನ ಸದ್ದು ಕೇಳಿಸಲೆಂದೇ ಮಾಡಿದವೂ ಇವೆ. ಆ ಬೈಕುಗಳನ್ನು ಜೋಡಿಸಿದವರ ಮಾತು ಬೇಕೆಂದರೆ ಹುಡುಕಾಡಬೇಕು.

ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರ ಮಾತು ಮಾತ್ರ ಉಳಿದಿದೆ. ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್, ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಸೇರಿ 1980ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಯುಗಾಂತರ್’ ತಂಡ, ಆ ಹೆಂಗಸರು ಸಂಘ ಕಟ್ಟಿದ ಬಗೆಯನ್ನು 16 ಎಂಎಂ ಫಿಲಮ್ಮಿನಲ್ಲಿ ಹಿಡಿದಿಟ್ಟಿತು. 1982ರ ಆ ಚಿತ್ರವನ್ನು ಈಚೆಗೆ ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ಡಿಜಿಟಲ್ ರೂಪಕ್ಕೆ ತಂದು ಸರಿಪಡಿಸಿದೆ. ಬೆಳಗಾವಿ ಜಿಲ್ಲೆಯ ದುಡಿಮೆಯ ದಾಖಲೆ ಕಾಯಲು ಜರ್ಮನಿಯವರು ಬರಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ. ಉಳಿಯಿತಲ್ಲ ಎಂಬ ಸಮಾಧಾನ ಅದಕ್ಕಿಂತ ದೊಡ್ಡದು.

ಉಳಿಸಿಕೊಳ್ಳುವ ಇನ್ನೊಂದು ದಾರಿ ರಾಕೇಶ್ ಶರ್ಮಾ ಅವರದು. ಗುಜರಾತ್ ಹತ್ಯಾಕಾಂಡದ ಕುರಿತ ಅವರ ‘ಫೈನಲ್ ಸಲ್ಯೂಷನ್’ ಚಿತ್ರಕ್ಕೆ 2004ರಲ್ಲಿ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿದಾಗ, ಐದು ಪ್ರತಿ ಮಾಡಿ ಹಂಚುತ್ತೇನೆಂದು ಮಾತು ಕೊಟ್ಟವರಿಗೆ ಸಿ.ಡಿ.ಯನ್ನು ಪುಕ್ಕಟೆ ಕೊಟ್ಟರು. ಅದೇ ವರ್ಷ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು.

ಈಗ ರಂಗಾಯಣದ ಬಹುರೂಪಿ ನಾಟಕೋತ್ಸವದ ಜತೆ ಚಿತ್ರೋತ್ಸವವೂ ನಡೆಯುತ್ತದೆ. ಕಾಲೇಜು ಹುಡುಗಿಯರು ಬೆಳಿಗ್ಗೆ ಆರಕ್ಕೇ ಎದ್ದು ಪೌರಕಾರ್ಮಿಕರ ಹಿಂದೆ ಫೋನು ಹಿಡಿದು ನಡೆಯುತ್ತಾರೆ. ನಮಗಿಂತ ಹತ್ತಿರ ಹೋಗುತ್ತಾರೆ, ನಮಗಿಂತ ನೇರವಾಗಿ ಕೇಳುತ್ತಾರೆ. ಅವರ ಕೆಲಸ ನೋಡಿ ನನಗೆ ನಿಜಕ್ಕೂ ಸಂತೋಷ. ಆದರೆ ಆ ವಿಡಿಯೋ ಇನ್‌ಸ್ಟಾಗ್ರಾಂ ಸ್ಟೋರಿಯಾಗಿ ಒಂದು ದಿನ ಇದ್ದು ಮರೆಯಾಗುತ್ತದೆ, ಫೋನು ತುಂಬಿತೆಂದು ಮೂಲವನ್ನೂ ಅಳಿಸುತ್ತಾರೆ. ಮಾನಸಗಂಗೋತ್ರಿಯಂಥ ಕ್ಯಾಂಪಸ್ಸಿರುವ ಊರಿನಲ್ಲಿ ಇವನ್ನು ತಾರೀಖು, ಸ್ಥಳ ಬರೆದು ಇಡಲು ಒಂದು ಕೋಣೆ, ಕೆಲವು ಹಾರ್ಡ್ ಡಿಸ್ಕ್ ಹೊಂದಿಸುವುದು ಕಷ್ಟವಲ್ಲ. ಹಳೆಯ ಸ್ಟುಡಿಯೋಗಳ ಅಟ್ಟದಲ್ಲಿರುವ ಕ್ಯಾಸೆಟ್ಟುಗಳನ್ನೂ ಅಲ್ಲಿಗೇ ತರಬೇಕು. ಬೂಷ್ಟು ಹಿಡಿದ ಟೇಪನ್ನು ಶುಚಿ ಮಾಡದೆ ವಿಸಿಆರ್‌ಗೆ ಹಾಕಬಾರದು, ಮತ್ತು ಮದುವೆ ಎಂದು ಚೀಟಿ ಅಂಟಿಸಿದ್ದರೂ ಪ್ರತಿಯೊಂದನ್ನು ಕೊನೆಯವರೆಗೆ ಓಡಿಸಿ ನೋಡಬೇಕು.