ಹೋಗಂಗಿಲ್ಲ ಅಂತೈತಿ

ಕಂಪ್ಯೂಟರ್ ಚಾಲೂ ಆಗಲಿಲ್ಲ ಎಂದರೆ ಊರೆಲ್ಲ ವೈದ್ಯರು. ರ‍್ಯಾಮ್ ತೆಗೆದು ರಬ್ಬರಿನಿಂದ ತಿಕ್ಕು ಎನ್ನುವವರೊಬ್ಬರು, ಎಸ್‌ಎಂಪಿಎಸ್ ಹೋಗಿರಬೇಕು ಎನ್ನುವವರು ಇನ್ನೊಬ್ಬರು. ಅದೇ ಕಂಪ್ಯೂಟರ್ ದಿನವಿಡೀ ದುಡಿದು, ಸಂಜೆ ಲಾಗ್‌ಔಟ್ ಒತ್ತಿದಾಗ ಕಲ್ಲಾಗಿ ಕೂತರೆ ಯಾರಿಗೂ ಅದು ಕಾಯಿಲೆ ಅನ್ನಿಸುವುದಿಲ್ಲ. ಹೆಂಗೂ ಬಂದ್ ಮಾಡುವುದೇ ಇತ್ತಲ್ಲ, ವೈರ್ ಕಿತ್ತರಾಯಿತು! ಕೆರೂರಿನ ನಮ್ಮ ಮಾಮಾನ ಜೆರಾಕ್ಸ್ ಅಂಗಡಿಯಲ್ಲಿ ಬಹಳ ಕಾಲ ನಡೆದದ್ದು ಇದೇ ಚಿಕಿತ್ಸೆ.

ಅಂಗಡಿ ಎಂದರೆ ಬರೀ ಜೆರಾಕ್ಸ್ ಅಲ್ಲ. ಪಹಣಿ, ಜಾತಿ-ಆದಾಯದ ಅರ್ಜಿ, ಸ್ಕಾಲರ್‌ಶಿಪ್ಪು, ಹಾಲ್‌ಟಿಕೆಟ್ಟು ಎಲ್ಲ ಅಲ್ಲಿಯೇ. ಕಂಪ್ಯೂಟರ್ ಹಳೆಯದು. ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿದ್ದಾಗ, ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ಮಗ ಅದನ್ನು ಅಳಿಸಿ ಕ್ಸುಬುಂಟು ಎಂಬ ಹಗುರ ಲಿನಕ್ಸ್ ಹಾಕಿಕೊಟ್ಟ. ಹಗಲು ಅಪ್ಪನ ಖಾತೆ, ರಜೆಗೆ ಬಂದಾಗ ರಾತ್ರಿ ಮಗನ ಖಾತೆ. ಅಪ್ಪ ಹೊರಬಿದ್ದರೆ ಮಗ ಒಳಗೆ ಬರಬೇಕು. ಆ ಹೊಸ್ತಿಲಲ್ಲೇ ಯಂತ್ರ ನಿಂತುಬಿಡುತ್ತಿತ್ತು. ಪರದೆಯೆಲ್ಲ ಕಪ್ಪು, ನಟ್ಟ ನಡುವೆ ಮೌಸಿನ ಬಾಣವೊಂದು ಅಲುಗದೆ.

“ತಮ್ಮಾ, ಇದು ಹೋಗಂಗಿಲ್ಲ ಅಂತೈತಿ ನೋಡ. ಪುಕ್ಕಟ ಬಂದದ್ದರ ಹಣೇಬರಾನ ಇಷ್ಟ” ಎಂದ ಮಾಮಾ.

ನಮ್ಮ ಕಡೆ ಪುಕ್ಕಟೆ ಬಂದ ವಸ್ತುವಿನ ಮೇಲೆ ಇರುವಷ್ಟು ಅನುಮಾನ ಕದ್ದ ಮಾಲಿನ ಮೇಲೂ ಇಲ್ಲ. 1991ರಲ್ಲಿ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟಾರ್ವಾಲ್ಡ್ಸ್ ಎಂಬ ಹುಡುಗ ಶುರು ಮಾಡಿದ್ದು ಇದು, ನಿನ್ನ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲೂ ಇದೇ ಇದೆ ಎಂದೆ. ಮಾಮಾ ಫೋನನ್ನು ಒಮ್ಮೆ ತಿರುಗಿಸಿ ನೋಡಿ ಕಿಸೆಗಿಟ್ಟ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿ ಮಾಡುತ್ತಾರೆ, 2017ರ ನವೆಂಬರ್ ಹೊತ್ತಿಗೆ ಆ ಪಟ್ಟಿಯ ಐನೂರಕ್ಕೆ ಐನೂರೂ ಲಿನಕ್ಸ್ ಮೇಲೇ ಓಡುತ್ತಿದ್ದವು ಎಂದೆ. “ಅವನ್ನ ದಿನಾ ಸಂಜೀಕ ಯಾರ್ ಲಾಗ್‌ಔಟ್ ಮಾಡ್ತಾರ?” ಎಂದು ಕೇಳಿದ. ಪ್ರಶ್ನೆಯಲ್ಲಿ ತಿರುಳಿತ್ತು.

ಲಾಗ್‌ಔಟ್ ಎನ್ನುವುದು ನಾವು ತಿಳಿದಷ್ಟು ಸಣ್ಣ ಕೆಲಸವಲ್ಲ. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಬಸ್ಸು ಕೆರೂರ ಬಸ್‌ಸ್ಟ್ಯಾಂಡಿನಲ್ಲಿ ನಿಂತದ್ದನ್ನು ನೋಡಿ. ಕಂಡಕ್ಟರ್ ಸೀಟಿ ಊದುತ್ತಾನೆ. ಒಂದು ಸೀಟಿನ ಮೇಲೆ ಬರೀ ಚೀಲ. ಚೀಲದ ಒಡೆಯ ಮಿರ್ಚಿ ತಿನ್ನಲು ಇಳಿದಿದ್ದಾನೆ. ಎರಡನೆಯ ಸೀಟಿ. ಆತ ಕೈ ಎತ್ತಿ ‘ಬಂದೆ’ ಎನ್ನುತ್ತಾನೆ, ಬರುವುದಿಲ್ಲ. ಬಸ್ಸಿನ ತುಂಬ ಜನ ಅವನೊಬ್ಬನ ಮಿರ್ಚಿ ಮುಗಿಯಲೆಂದು ಕಾಯುತ್ತಾರೆ.

ಕಂಪ್ಯೂಟರಿನೊಳಗೂ ಹೊರಡುವಾಗ ಸೀಟಿ ಊದಲಾಗುತ್ತದೆ. ಕಣ್ಣಿಗೆ ಕಾಣುವ ಬ್ರೌಸರ್ ಒಂದಕ್ಕೇ ಅಲ್ಲ. ಹಿಂದೆ ಕೂತ ಧ್ವನಿಯ ಪ್ರೋಗ್ರಾಂ, ಕನ್ನಡ ಟೈಪಿಂಗಿಗೆಂದು ಇರುವ ಐಬಸ್, ಪ್ರಿಂಟರಿನ ಪುಟ್ಟ ಐಕಾನು, ಎಲ್ಲರೂ ಇಳಿಯಬೇಕು. ಮೊದಲ ಸೀಟಿಗೆ ಸಿಗ್‌ಟರ್ಮ್ ಎನ್ನುತ್ತಾರೆ. ಅದು ಮರ್ಯಾದೆಯದು, ಗಂಟುಮೂಟೆ ಕಟ್ಟಿಕೊಂಡು ನಡೆ ಎಂದಷ್ಟೇ ಅರ್ಥ. ಕೇಳದವರಿಗೆ ಸಿಗ್‌ಕಿಲ್, ಅದರಲ್ಲಿ ಮಾತುಕತೆಯಿಲ್ಲ. ಇವೆರಡರ ನಡುವೆ ಎಷ್ಟು ಕಾಯಬೇಕೆಂದು ಸಿಸ್ಟಮ್‌ಡಿ ಎಂಬ ಮೇಸ್ತ್ರಿ ನಿರ್ಧರಿಸುತ್ತದೆ. ಕಂಪ್ಯೂಟರ್ ಬಂದ್ ಮಾಡುವಾಗ ಈ ಕಾಯುವಿಕೆ ಸಾಮಾನ್ಯವಾಗಿ 90 ಸೆಕೆಂಡು. ಗಿರಾಕಿ ಎದುರಿಗೆ ನಿಂತಿದ್ದಾಗ, ಹೊರಗೆ ಕರೆಂಟು ಯಾವಾಗ ಹೋಗುತ್ತದೋ ಎಂಬ ಅಂಜಿಕೆ ಇದ್ದಾಗ, 90 ಸೆಕೆಂಡು ಬಹಳ ದೊಡ್ಡದು. ಅರ್ಧದಲ್ಲೇ ವೈರಿಗೆ ಕೈ ಹೋಗುತ್ತದೆ. ‘ಹ್ಯಾಂಗ್ ಆತು’ ಎಂದು ನಾವು ಹೆಸರಿಡುವ ಎಷ್ಟೋ ಪ್ರಕರಣಗಳು ಹ್ಯಾಂಗೇ ಅಲ್ಲ, ಮಿರ್ಚಿ ತಿನ್ನುವವನಿಗಾಗಿ ಕಾಯುವುದು ಅಷ್ಟೇ.

ಹಾಗಾದರೆ ಕಾಯುವುದು ಯಾವುದು, ನಿಜಕ್ಕೂ ಕೆಟ್ಟು ನಿಂತದ್ದು ಯಾವುದು? ಅದಕ್ಕೆ ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಬೇಕು. ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಯಾರೋ ಎಚ್ಚರ ಇದ್ದಾರೆ, ಎರಡು ನಿಮಿಷ ತಾಳಬಹುದು. ಅಥವಾ ಕಂಟ್ರೋಲ್, ಆಲ್ಟ್, ಎಫ್ 3 ಒಟ್ಟಿಗೆ ಒತ್ತಿದರೆ ಬರೀ ಅಕ್ಷರಗಳ ಕರಿ ಪರದೆ ಎಂಬ ಹಿತ್ತಲ ಬಾಗಿಲು ತೆರೆಯುತ್ತದೆ. ಮಾಮಾನ ಕೀಬೋರ್ಡಿನಲ್ಲಿ ದೀಪ ಹತ್ತಲಿಲ್ಲ. ಹಿತ್ತಲ ಬಾಗಿಲೂ ತೆರೆಯಲಿಲ್ಲ. ಮಾಮಾ ಆಗಲೇ ಬಗ್ಗಿ ಪ್ಲಗ್ಗಿನ ಮೇಲೆ ಕೈಯಿಟ್ಟಿದ್ದ.

ವೈರ್ ಕೀಳುವುದರಲ್ಲಿ ಇರುವ ಅಪಾಯ ಬಹಳ ಜನಕ್ಕೆ ಗೊತ್ತಿಲ್ಲ. ನೀವು ‘ಸೇವ್’ ಒತ್ತಿದ ಅಕ್ಷರಗಳು ತಕ್ಷಣ ಡಿಸ್ಕಿಗೆ ಇಳಿದವೆಂದು ಹೇಳಲಾಗದು. ಅರ್ಧ ನಿಮಿಷದವರೆಗೂ ಅವು ಮೆಮೊರಿಯಲ್ಲೇ ಉಳಿದಿರಬಹುದು. ಲಿನಕ್ಸಿನ ಇಂದಿನ ಫೈಲ್ ವ್ಯವಸ್ಥೆಗಳು ಗಟ್ಟಿ. ಬುಡಕ್ಕೆ ಕೊಡಲಿ ಬೀಳದಂತೆ ಅವು ತಮ್ಮದೇ ದಿನಚರಿ ಇಟ್ಟುಕೊಳ್ಳುತ್ತವೆ. ಆದರೆ ಬರೆಯದೇ ಉಳಿದ ಅಕ್ಷರವನ್ನು ಯಾವ ದಿನಚರಿಯೂ ಮರಳಿ ತಂದುಕೊಡಲಾರದು.

ಅದಕ್ಕೇ ಇನ್ನೊಂದು ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಎಂದು ಒಂದೊಂದಾಗಿ, ನಡುವೆ ಉಸಿರು ಬಿಟ್ಟು ಒತ್ತುವುದು. ಎಸ್ ಎಂದರೆ ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಬರೆ. ಯು ಎಂದರೆ ಇನ್ನು ಡಿಸ್ಕನ್ನು ಓದು, ಬರೆಯಬೇಡ. ಬಿ ಎಂದರೆ ಮತ್ತೆ ಶುರುವಾಗು. ಈ ಅಪ್ಪಣೆ ಡೆಸ್ಕ್‌ಟಾಪಿನ ಮಧ್ಯಸ್ಥಿಕೆಯಿಲ್ಲದೆ ನೇರ ಲಿನಕ್ಸಿನ ತಿರುಳಾದ ಕರ್ನೆಲ್ಲಿಗೆ ಮುಟ್ಟುತ್ತದೆ. ಲಿನಕ್ಸ್ ಬಲ್ಲವರು ಇನ್ನೂ ಮೂರು ಅಕ್ಷರ ಸೇರಿಸಿ ಹೇಳುತ್ತಾರೆ, ಆದರೆ ಕ್ಸುಬುಂಟು ಸೇರಿರುವ ಉಬುಂಟು ಬಳಗ ತಾನಾಗಿ ಈ ಮೂರಕ್ಕಷ್ಟೇ ಪರವಾನಗಿ ಕೊಟ್ಟಿರುತ್ತದೆ. ಬಸ್ ಎಂಬುದರ ಇಂಗ್ಲಿಷ್ ಕಾಗುಣಿತವನ್ನು ಹಿಂದುಮುಂದು ಮಾಡಿದರೆ ಇದೇ ಬರುತ್ತದೆ, ಹೀಗಾಗಿ ಕೆರೂರಿನಲ್ಲಿ ಯಾರೂ ಮರೆಯುವ ಹಾಗಿಲ್ಲ.

ಮೂರೂ ಒತ್ತಿದ ಮೇಲೆ ಕಂಪ್ಯೂಟರ್ ತಾನಾಗಿ ಆರಿ ಹತ್ತಿತು. ನನಗೆ ಬೇಕಾದ ಸುಳಿವು ಅಲ್ಲೇ ಸಿಕ್ಕಿತು. ಕರ್ನೆಲ್ ಬದುಕಿದೆ, ಮಾತು ಕೇಳುತ್ತಿದೆ. ಸತ್ತದ್ದು ಚಿತ್ರ ಬಿಡಿಸುವ ಭಾಗ. ಅಂದರೆ ಇಲ್ಲಿ ಪ್ರಯಾಣಿಕ ತಡ ಮಾಡಿದ್ದಲ್ಲ, ಡ್ರೈವರನೇ ಸ್ಟೇರಿಂಗ್ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಕಂಪ್ಯೂಟರ್‌ನವರೂ ಅವನನ್ನು ಡ್ರೈವರ್ ಎಂದೇ ಕರೆಯುತ್ತಾರೆ.

ಹಗಲೆಲ್ಲ ಸರಿಯಿದ್ದ ಗ್ರಾಫಿಕ್ಸ್ ಡ್ರೈವರ್ ಸಂಜೆಗೇ ಏಕೆ ಕೈಕೊಡಬೇಕು? ಈ ಬಗೆಯ ಹಗುರ ಲಿನಕ್ಸಿನಲ್ಲಿ ಲಾಗ್‌ಔಟ್ ಆದಾಗ ಒಬ್ಬನಿಗಾಗಿ ಚಿತ್ರ ಬಿಡಿಸುತ್ತಿದ್ದ ಪ್ರೋಗ್ರಾಂ ಮುಗಿದು, ಹೆಸರು-ಪಾಸ್‌ವರ್ಡ್ ಕೇಳುವ ಪರದೆಗಾಗಿ ಇನ್ನೊಂದು ಶುರುವಾಗುತ್ತದೆ. ಆ ಕ್ಷಣ ಗ್ರಾಫಿಕ್ಸ್ ಕಾರ್ಡು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಬೇಕು. ತಯಾರಿಸಿದವರು ಗುಟ್ಟು ಬಿಟ್ಟುಕೊಡದ ಹಳೆಯ ಕಾರ್ಡುಗಳಿಗೆ ಸ್ವಯಂಸೇವಕರು ಊಹಿಸಿ, ಪರೀಕ್ಷಿಸಿ ಡ್ರೈವರ್ ಬರೆದಿರುತ್ತಾರೆ. ಅದು ನೆಟ್ಟಗೆ ಓಡುತ್ತದೆ, ಇಂಥ ತಿರುವಿನಲ್ಲಿ ಎಡವುತ್ತದೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಉಳಿದದ್ದು ದಾಖಲೆ ಓದುವ ಕೆಲಸ. ಟರ್ಮಿನಲ್ ತೆರೆದು ಜರ್ನಲ್‌ಸಿಟಿಎಲ್ ಎಂದು ಬರೆದು, ಜಾಗ ಬಿಟ್ಟು ಮೈನಸ್ ಬಿ, ಮತ್ತೆ ಜಾಗ ಬಿಟ್ಟು ಮೈನಸ್ ಒಂದು ಎಂದರೆ ಹಿಂದಿನ ಸಲ ಏನೇನಾಯಿತೆಂದು ಯಂತ್ರ ಗಂಟೆ-ನಿಮಿಷ-ಸೆಕೆಂಡು ಸಮೇತ ಒಪ್ಪಿಸುತ್ತದೆ. ಕೊನೆಯ ಪುಟದಲ್ಲಿ ಪ್ರಿಂಟರು, ಐಬಸ್ಸು ಎಲ್ಲ ತಂಟೆಯಿಲ್ಲದೆ ಇಳಿದುಹೋದ ಗುರುತಿತ್ತು. ಆಮೇಲೆ ಗ್ರಾಫಿಕ್ಸ್ ಡ್ರೈವರಿನ ಗೋಳು, ಅಲ್ಲಿಗೆ ಬರಹ ನಿಂತಿತ್ತು. ‘ಅಡಿಷನಲ್ ಡ್ರೈವರ್ಸ್’ ಎಂಬ ಕಿಟಕಿ ತೆರೆದು ಇನ್ನೊಂದು ಡ್ರೈವರನ್ನು ಆರಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿದೆವು. ಮಾಮಾ ತಾನೇ ಲಾಗ್‌ಔಟ್ ಒತ್ತಿದ. ಮಗನ ಹೆಸರು ಪರದೆಯ ಮೇಲೆ ಬಂತು. “ಡ್ರೈವರ್ ಬದಲ್ ಮಾಡಿದ್ರ ಮುಗೀತಲ್ಲ, ಇಷ್ಟ್ಯಾಕ ಓದಿದಿ?” ಎಂದ. ಓದದೆ ಡ್ರೈವರ್ ಬದಲಿಸುವುದು ನಮ್ಮ ರಾಜ್ಯದಲ್ಲಿ ಹೊಸದೇನಲ್ಲ ಎಂದು ಸುಮ್ಮನಾದೆ.

ಇಂಥದ್ದನ್ನು ಕನ್ನಡದಲ್ಲಿ ಹೇಳಿಕೊಡುವವರು ಇಲ್ಲವೆಂದಲ್ಲ. ಓಂಶಿವಪ್ರಕಾಶ್ ‘ಲಿನಕ್ಸಾಯಣ’ ಬರೆದರು. ಸರ್ಕಾರಿ ಪ್ರೌಢಶಾಲೆಗಳ ಎಷ್ಟೋ ಮೇಷ್ಟ್ರುಗಳು 2010ರ ದಶಕದ ಸಬ್ಜೆಕ್ಟ್ ಟೀಚರ್ ಫೋರಂ ತರಬೇತಿಗಳಲ್ಲಿ ಉಬುಂಟು ಕಲಿತರು. ಹತ್ತಿರದ ಹೈಸ್ಕೂಲಿನಲ್ಲಿ ವಿಚಾರಿಸಿದರೆ ಬಲ್ಲವರೊಬ್ಬರು ಸಿಕ್ಕಾರು.

ಕೇಳಲು ಹೋಗುವ ಮುಂಚೆ ಇಷ್ಟು ಮಾಡಿ. ‘ಹ್ಯಾಂಗ್ ಆಗ್ತೈತ್ರಿ’ ಎಂದಷ್ಟೇ ಹೇಳಬೇಡಿ. ನಿಂತಾಗ ಗಡಿಯಾರದಲ್ಲಿ ಎಷ್ಟಾಗಿತ್ತು, ಕ್ಯಾಪ್ಸ್ ಲಾಕ್ ದೀಪ ಹತ್ತಿತೋ ಇಲ್ಲವೋ, ಇವೆರಡನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಾಧ್ಯವಾದರೆ ಪರದೆಯ ಫೋಟೊ ಹೊಡೆದುಕೊಳ್ಳಿ. ವೈರನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಕೀಳಿ.