ಭೀಮೆ, ಕೃಷ್ಣೆಯರ ನಡುವಿನ ಯಾದಗಿರಿ ಸೀಮೆ

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿ ಬರುವ ಭೀಮೆಯು ಯಾದಗಿರಿಯನ್ನು ಹಾಯ್ದು ಮುಂದೆ ಕೃಷ್ಣೆಯಲ್ಲಿ ಬೆರೆಯುವಳು. ಯಾದಗಿರಿಯ ಬೆಟ್ಟದ ಮೇಲೆ ಪುರಾತನ ಕೋಟೆ, ಕೆಳಗೆ ಮುಂಬಯಿ–ಚೆನ್ನೈ ರೈಲುಮಾರ್ಗ.

ನೆರೆಯ ಸುರಪುರವು 1858ರಲ್ಲಿ ಆಂಗ್ಲರನ್ನೆದುರಿಸಿದ ರಾಜಾ ವೆಂಕಟಪ್ಪನಾಯಕನ ಸಂಸ್ಥಾನ. ಆ ಸೀಮೆಗೂ ಶಹಾಪುರಕ್ಕೂ ಭಾಗ್ಯ ತಂದವಳು ಕೃಷ್ಣೆ. ನಾರಾಯಣಪುರದಲ್ಲಿ ಅವಳಿಗೆ ಕಟ್ಟಿದ ಜಲಾಶಯಕ್ಕೆ ನಮ್ಮ ಅಣ್ಣನವರ ಹೆಸರೇ ಇದೆ: ಬಸವಸಾಗರ. ಅದರ ಎಡದಂಡೆ ಕಾಲುವೆ ಹರಿದೆಡೆ ಜೋಳ, ತೊಗರಿಯ ಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆ ಕಾಣದ ಯಾದಗಿರಿಯ ಹಳ್ಳಿಗಳಿಗೆ ಮಾತ್ರ ಮಳೆಯೇ ಗತಿ. ಮಳೆ ತಪ್ಪಿದರೆ ಗುಳೆ.

2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾಯಿತು. ಬಳಿಕ ಕಡೇಚೂರು–ಬಾಡಿಯಾಳದಲ್ಲಿ ಕೈಗಾರಿಕೆಗೆಂದು 3,000 ಎಕರೆಗೂ ಮಿಕ್ಕಿ ಭೂಮಿ ಹೋಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂದಿತು. ಔಷಧ, ರಾಸಾಯನಿಕ ಘಟಕಗಳೂ ಬಂದವು. ಅಲ್ಲಿಯ ದುರ್ವಾಸನೆ, ತ್ಯಾಜ್ಯಗಳ ಬಗೆಗೆ ಸುತ್ತಲಿನ ಹಳ್ಳಿಗರು ದೂರುತ್ತಲೇ ಬಂದಿದ್ದಾರೆ. ಕಾಲುವೆಯ ನೀರು ಹೊಲಕ್ಕೇ ಬಂದಿತ್ತು. ಕಾರ್ಖಾನೆಯು ಹೊಲವನ್ನೇ ಕೇಳಿತು. ಭೂಮಿ ಕೊಟ್ಟ ಮನೆಯ ಮಕ್ಕಳಿಗೆ ಮೊದಲು ಅಲ್ಲಿ ಕೆಲಸ ಸಲ್ಲುವುದೇ ನ್ಯಾಯವೆಂದು ನಾವು ತಿಳಿಯುತ್ತೇವೆ. ಸುಗ್ಗಿ ಮುಗಿದ ಮೇಲೆ ಯಾದಗಿರಿ ನಿಲ್ದಾಣದಲ್ಲಿ ಇಂದಿಗೂ ಗಂಟುಮೂಟೆಯೊಡನೆ ಬೆಂಗಳೂರಿನ ಗಾಡಿಗೆ ಕಾಯುವ ಸಂಸಾರಗಳನ್ನು ಕಾಣುತ್ತೇವೆ.