ಎರಡೇ ಸೆಂಟಿಮೀಟರ್

ಸಿನಿಮಾದಲ್ಲಿ ಹೆರಿಗೆ ನೋವು ಬಂದ ಎರಡನೇ ಶಾಟ್‌ಗೇ ಮಗು ಅಳುತ್ತೆ. ನನಗೆ ನೋವು ಶುರುವಾಗಿದ್ದು ಗುರುವಾರ ರಾತ್ರಿ 11ಕ್ಕೆ, ಮಗಳು ಹುಟ್ಟಿದ್ದು ಶನಿವಾರ ಬೆಳಗಿನ ಜಾವ.

ಶುಕ್ರವಾರ ನಸುಕಿಗೇ ಆಸ್ಪತ್ರೆಗೆ ಓಡಿದ್ವಿ. ಡ್ಯೂಟಿ ಡಾಕ್ಟರ್ ಪರೀಕ್ಷೆ ಮಾಡಿ, "ಎರಡೇ ಸೆಂಟಿಮೀಟರ್, ಮನೆಗೆ ಹೋಗಿ" ಅಂದ್ರು. ಹೇಳಿದ್ದು ಸುಳ್ಳಲ್ಲ. ಗರ್ಭಕೋಶದ ಬಾಯಿ ಮೆತ್ತಗಾಗಿ, ತೆಳುವಾಗಿ ತೆರೆದುಕೊಳ್ಳೋಕೆ ಶುರುವಾಗುವ ಈ ಹಂತಕ್ಕೆ ಇಂತಿಷ್ಟೇ ಹೊತ್ತು ಅಂತಿಲ್ಲ. ನಿಜವಾದ ಬಿರುಸು 5 ಸೆಂಟಿಮೀಟರಿನಿಂದ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಆಮೇಲೂ ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಅನ್ನೋ ಹಳೇ ಲೆಕ್ಕ ಎಲ್ಲರಿಗೂ ಹೊಂದಲ್ಲ ಅಂತಲೂ ಹೇಳಿತು.

ಆದರೆ "ಮನೆಗೆ ಹೋಗಿ" ಅನ್ನೋದು ಅರ್ಧ ಮಾತು. ಹೋಗಿ ಏನು ಮಾಡಬೇಕು? ಏನಾದರೆ ವಾಪಸ್ ಬರಬೇಕು? ಕ್ಯಾಬಿನಲ್ಲಿ ಗಂಡ ಆಪ್ ತೆಗೆದು ನೋವಿನ ಅಂತರ ಎಣಿಸ್ತಿದ್ದ, ಪಾಪ.

ಉಳಿದರ್ಧ ಹೇಳಿದ್ದು ದೊಡ್ಡಮ್ಮ. ತುಮಕೂರು ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದವರು. "ಏನಾದ್ರೂ ತಿನ್ನು. ನೋವು ಬಿಟ್ಟಾಗ ಕಣ್ಣು ಮುಚ್ಚು. ನೀರೊಡೆದ್ರೆ, ರಕ್ತ ಹೋದ್ರೆ, ಮಗು ಅಲ್ಲಾಡೋದು ಕಮ್ಮಿಯಾದ್ರೆ ಗಡಿಯಾರ ನೋಡ್ಬೇಡ, ಹೊರಡು." ಅಷ್ಟು ಹೇಳಿ ಪಕ್ಕದಲ್ಲಿ ಕೂತ್ರು. ಅನ್ನ ಸಾರು ತಿನ್ನಿಸಿದ್ರು, ಹಾಲಿನಲ್ಲಿ ಓಡಾಡಿಸಿದ್ರು, ಸೊಂಟ ನೀವಿದ್ರು. ಅವರ ಅಂಗೈ ನನ್ನ ಹೊಟ್ಟೆ ಮೇಲಿರ್ತಿತ್ತು. ಹೊಟ್ಟೆ ಬಿಗಿಯೋದು ನನಗಿಂತ ಮೊದಲು ಅವರಿಗೇ ತಿಳೀತಿತ್ತು. ಆಪ್ ಯಾವಾಗ ಮುಚ್ಚಿದ್ವೋ ನೆನಪಿಲ್ಲ. ಸಂಜೆ ಏಳಕ್ಕೆ "ಈಗ ನಡೀರಿ" ಅಂದ್ರು. ಆಸ್ಪತ್ರೆಯಲ್ಲಿ ನೋಡಿದಾಗ ಆರು ಸೆಂಟಿಮೀಟರ್.

ದೊಡ್ಡಮ್ಮ ಔಷಧಿ ಏನೂ ಕೊಡಲಿಲ್ಲ. ಕೂತಿದ್ರು, ಗಮನಿಸ್ತಿದ್ರು. ಹೊರಗಿನವರಿಗೆ ಅದು ಕೆಲಸ ಅಂತಲೇ ಕಾಣಲ್ಲ, ಬಿಲ್ಲಿನಲ್ಲಿ ಅದಕ್ಕೊಂದು ಸಾಲೂ ಇರಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದಿದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದು, ನರ್ಸ್‌ಗಳಿಗೆ 18 ತಿಂಗಳ ತರಬೇತಿ ಅಂದಿತು. ಒಳ್ಳೇದೇ. ಆದರೆ ಎಲ್ಲರ ಮನೆಯಲ್ಲೂ ನರ್ಸ್ ದೊಡ್ಡಮ್ಮ ಇರಲ್ಲವಲ್ಲ!

ಬಸುರಿ ಗೆಳತಿಯರು ಈಗ ಯಾವ ಆಸ್ಪತ್ರೆ ಒಳ್ಳೇದು ಅಂತ ಕೇಳ್ತಾರೆ. ಎಸಿ ರೂಮು, ಫೋಟೋಶೂಟ್ ಪ್ಯಾಕೇಜು ಎಲ್ಲ ಆಮೇಲೆ ವಿಚಾರಿಸಿ ಅಂತೀನಿ. ಮೊದಲು ಇದನ್ನ ಕೇಳಿ: ಎರಡೇ ಸೆಂಟಿಮೀಟರ್ ಅಂತ ಮನೆಗೆ ಕಳಿಸಿದ್ರೆ, ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಯಾರು ಎತ್ತುತ್ತಾರೆ?